ರಕ್ತದ ಲೆಕ್ಕ ಹಾಕುವ ಅಪ್ಪ

ಆಸ್ಪತ್ರೆಯಲ್ಲಿ ಮಕ್ಕಳು ಅದಲುಬದಲಾಗುವ ಕಥೆ ನಮ್ಮ ಸಿನಿಮಾಗಳಿಗೆ ಹೊಸದಲ್ಲ. ಮಚ್ಚೆಯೋ ತಾಯತವೋ ಸಿಕ್ಕಿ, ಕೊನೆಯ ರೀಲಿನಲ್ಲಿ ಎಲ್ಲ ಸರಿಹೋಗುತ್ತದೆ. ಜಪಾನಿನ ಹಿರೊಕಜು ಕೊರೆ-ಎಡಾ ಅವರ ‘ಲೈಕ್ ಫಾದರ್, ಲೈಕ್ ಸನ್’ (2013) ಯಾರ ಮಗು ಯಾವುದೆಂದು ಆರಂಭದಲ್ಲೇ ಹೇಳಿ ಮುಗಿಸುತ್ತದೆ. ಆಮೇಲೇನು ಎಂಬುದೇ ಅದರ ಕಥೆ. ಕಾನ್ ಚಿತ್ರೋತ್ಸವದಲ್ಲಿ ಇದಕ್ಕೆ ಜ್ಯೂರಿ ಪ್ರಶಸ್ತಿ ಬಂತು.

ಟೋಕಿಯೊದ ವಾಸ್ತುಶಿಲ್ಪಿ ರಿಯೋಟನಿಗೆ ಆರು ವರ್ಷದ ಮಗ ಕೇಟಾನ ಮೇಲೆ ಸಣ್ಣ ಅಸಮಾಧಾನ: ಪಿಯಾನೊ ಸರಿಯಾಗಿ ಬರುವುದಿಲ್ಲ, ಸೋತರೆ ಛಲವಿಲ್ಲ. ಕೇಟಾ ತಾನು ಹುಟ್ಟಿಸಿದ ಮಗನಲ್ಲವೆಂಬ ಡಿಎನ್‌ಎ ಪರೀಕ್ಷೆಯ ಫಲಿತಾಂಶ ತಿಳಿದ ದಿನ ಕಾರಿನಲ್ಲಿ ಅವನ ಬಾಯಿಂದ ಬರುವುದು ‘ಹಾಗಾದರೆ ಇದೇ ಕಾರಣ’ ಎಂಬರ್ಥದ ಒಂದೇ ಮಾತು. ಹೆಂಡತಿ ಮಿದೋರಿ ಅದನ್ನು ಕೊನೆಯವರೆಗೂ ಕ್ಷಮಿಸುವುದಿಲ್ಲ. ಇಡೀ ಚಿತ್ರ ನಿಂತಿರುವುದು ಆ ಮಾತಿನ ಮೇಲೆ. ರಿಯೋಟನಿಗೆ ಬೇಕಿರುವುದು ಮಗನಲ್ಲ, ತನ್ನ ವಾರಸುದಾರ.

ಮಂಗಳೂರಿನಲ್ಲಿ ಕುಳಿತು ನೋಡಿದರೆ ಇದು ಇನ್ನೂ ಸ್ಪಷ್ಟ. ಬಂಟರು, ಬಿಲ್ಲವರು, ಮೊಗವೀರರು ತಲೆಮಾರುಗಟ್ಟಲೆ ಅಳಿಯಸಂತಾನದಲ್ಲಿ ಬಾಳಿದವರು. ಗಂಡಸಿನ ಆಸ್ತಿ ಹೋಗುತ್ತಿದ್ದುದು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಮೇಲೆ ಆಸ್ತಿಯ ದಾರಿ ಬದಲಾಯಿತು. ಬಳಿ, ಅಂದರೆ ಕುಲ, ಮಾತ್ರ ಇಂದಿಗೂ ತಾಯಿಯದೇ. ಅಪ್ಪನಿಗೆ ದಾಟಿಸಲು ಬಳಿಯೂ ಇಲ್ಲ, ಆಸ್ತಿಯೂ ಇಲ್ಲ ಎಂದಾದಾಗ ಉಳಿಯುತ್ತಿದ್ದುದು ಮಗುವಿನ ಜೊತೆ ಕಳೆದ ಹೊತ್ತು ಮಾತ್ರ. ರಿಯೋಟನ ‘ರಕ್ತ’ ನಿಜವಾಗಿ ಒಡೆತನದ ಇನ್ನೊಂದು ಹೆಸರು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಅಳಿಯಸಂತಾನವನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಯಜಮಾನಿಕೆಯ ಕೋಲು ಬಹುಪಾಲು ಸೋದರಮಾವನ ಕೈಯಲ್ಲೇ ಇತ್ತು. ಅಳಿಯಸಂತಾನದ ಮೂಲವೆನ್ನುವ ಭೂತಾಳ ಪಾಂಡ್ಯನ ಐತಿಹ್ಯದಲ್ಲೂ ಕುಂಡೋದರನೆಂಬ ಭೂತಕ್ಕೆ ಬಲಿಯಾಗಿ ಕೊಡಲು ರಾಜನ ಹೆಂಡತಿ ತನ್ನ ಮಗನನ್ನು ಬಿಡಲಿಲ್ಲ, ರಾಜನ ತಂಗಿ ತನ್ನವನನ್ನು ಒಪ್ಪಿಸಿದಳು. ಮಗುವನ್ನು ಪಣಕ್ಕಿಟ್ಟವನು ಗಂಡಸೇ.

ಹಿಂದಿನ ಚಿತ್ರದ ಕೆಲಸಕ್ಕಾಗಿ ಒಂದೂವರೆ ತಿಂಗಳು ಹೊರಗಿದ್ದು ಬಂದ ಕೊರೆ-ಎಡಾ ಮತ್ತೆ ಹೊರಟಾಗ, ಅವರ ಪುಟ್ಟ ಮಗಳು ‘ಮತ್ತೆ ಬನ್ನಿ’ ಎಂದಳಂತೆ. ಈ ಚಿತ್ರದ ಬೇರು ಅಲ್ಲಿದೆ. ದುಬೈಯಿಂದಲೋ ಕುವೈತಿನಿಂದಲೋ ರಜೆಗೆ ಬಂದು ಬಜ್ಪೆ ವಿಮಾನ ನಿಲ್ದಾಣದಲ್ಲಿಳಿಯುವ ನಮ್ಮ ಅಪ್ಪಂದಿರಿಗೆ ಆ ಮಾತು ಹೊಸದಲ್ಲ. ಕೇಟಾ ಕದ್ದು ತೆಗೆದಿಟ್ಟ ಫೋಟೋಗಳನ್ನು ರಿಯೋಟ ಕ್ಯಾಮೆರಾದಲ್ಲಿ ಒಂದೊಂದಾಗಿ ನೋಡುತ್ತಾನೆ: ಮಲಗಿರುವ ತಾನು, ಬೆನ್ನು ತಿರುಗಿಸಿದ ತಾನು. ಮಗ ಕಂಡ ಅಪ್ಪ ಅಷ್ಟೇ. ಚಿತ್ರದ ಅತ್ಯುತ್ತಮ ದೃಶ್ಯ ಅದು, ಅಲ್ಲೊಂದು ಸಂಭಾಷಣೆಯೂ ಬೇಕಾಗಿಲ್ಲ.

ದೋಷಗಳೂ ಇವೆ. ಶ್ರೀಮಂತ ಅಪ್ಪ ತಣ್ಣಗೆ, ಕೇಟಾನ ಹುಟ್ಟಿನ ಅಪ್ಪನಾದ ಎಲೆಕ್ಟ್ರಿಕ್ ಅಂಗಡಿಯ ಯುದಾಯಿ ಬೆಚ್ಚಗೆ ಎಂಬ ಹಂಚಿಕೆ ತೀರಾ ಸಲೀಸು. ಯುದಾಯಿ ಮಕ್ಕಳ ಜೊತೆ ಸ್ನಾನಕ್ಕಿಳಿಯುತ್ತಾನೆ, ಆಟಿಕೆ ರಿಪೇರಿ ಮಾಡುತ್ತಾನೆ; ಆಸ್ಪತ್ರೆಯ ಪರಿಹಾರದ ಹಣದ ಮೇಲೆ ಅವನಿಗಿರುವ ಕಣ್ಣು ಆ ಪಾತ್ರವನ್ನು ಬೊಂಬೆಯಾಗದಂತೆ ಸ್ವಲ್ಪ ಉಳಿಸಿದೆ. ಬಡವರ ಮನೆಯಲ್ಲಿ ಪ್ರೀತಿ ಹೆಚ್ಚೆಂಬ ನಂಬಿಕೆ ಹೊಟ್ಟೆ ತುಂಬಿದವರಿಗೆ ಇಷ್ಟ, ಬಿಡಿ.

ಇದಕ್ಕಿಂತ ದೊಡ್ಡ ಕೊರತೆ ತಾಯಂದಿರದು. ಹೆತ್ತವಳಿಗೇ ಗೊತ್ತಾಗಲಿಲ್ಲವೇ ಎಂಬ ಅಪವಾದವನ್ನು ಮಿದೋರಿ ಹೊರುತ್ತಾಳೆ. ಅವಳೂ ಯುದಾಯಿಯ ಹೆಂಡತಿ ಯುಕಾರಿಯೂ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ, ಆದರೆ ಕ್ಯಾಮೆರಾ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಕ್ಕಳನ್ನು ಬದಲಾಯಿಸಿದ ನರ್ಸಿನ ಎದುರು ರಿಯೋಟ ಸಿಟ್ಟಿನಿಂದ ನಿಂತಾಗ, ಅವಳ ಮಲಮಗ ಅಡ್ಡ ಬಂದು ಇವಳು ನನ್ನ ಅಮ್ಮ ಎನ್ನುತ್ತಾನೆ. ಎರಡು ಗಂಟೆಯ ಚಿತ್ರ ಅಪ್ಪನಿಗೆ ಕಲಿಸಲು ಹೆಣಗುವುದನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳುತ್ತಾನೆ. ಅದೂ ರಿಯೋಟನ ಪಾಠಕ್ಕೆಂದೇ ಬಳಕೆಯಾಗುತ್ತದೆ. ಆ ಮಲತಾಯಿ ಅಷ್ಟು ವರ್ಷ ಹೇಗೆ ತಾಯಿಯಾದಳೆಂದು ಕೊರೆ-ಎಡಾ ಕೇಳುವುದೇ ಇಲ್ಲ.