ಎಡಗೈಗೂ ಕಿವಿಗೊಡಿ: ಪಿಯಾನೋ ಕೇಳುಗರಿಗೊಂದು ಕೈಪಿಡಿ

ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆ ಹಾರ್ಮೋನಿಯಂ ಕೇಳದೆ ಬೆಳೆದವರು ಕಡಿಮೆ. ಭಜನೆಗೂ ಅದೇ, ನಾಟಕಕ್ಕೂ ಅದೇ. ಪಿಯಾನೋದಲ್ಲೂ ಅವೇ ಕಪ್ಪು-ಬಿಳಿ ಪಟ್ಟಿಗಳು. ಆದರೆ ಹಾರ್ಮೋನಿಯಂ ಕೇಳಿದ ಅಭ್ಯಾಸದಲ್ಲೇ ಪಿಯಾನೋ ಕೇಳಹೋದರೆ ಅರ್ಧ ಸಂಗೀತ ತಪ್ಪಿಹೋಗುತ್ತದೆ.

ಏನು ಬೇರೆ? ಹಾರ್ಮೋನಿಯಂನಲ್ಲಿ ಒಂದು ಕೈ ನುಡಿಸುತ್ತದೆ, ಇನ್ನೊಂದು ತಿದಿ ಒತ್ತುತ್ತದೆ. ಗಾಳಿ ಇರುವವರೆಗೆ ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಿ ಪಟ್ಟಿ ಒತ್ತಿದರೆ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ, ಸ್ವರ ಹುಟ್ಟುತ್ತಲೇ ಕ್ಷೀಣಿಸತೊಡಗುತ್ತದೆ. ವೀಣೆಯಂತೆ ತಂತಿ ಎಳೆದು ಗಮಕ ತೆಗೆಯಲಾಗದು. ಹಾಗಾಗಿ ಅಲ್ಲಿ ಗಮಕ ಹುಡುಕಬೇಡಿ. ಬೆರಳ ಭಾರ, ಕಾಲಡಿಯ ಪೆಡಲ್, ಎರಡು ಕೈಗಳ ಸಂವಾದ: ಗಮನ ಇವುಗಳ ಮೇಲಿರಲಿ.

ಕಲಿಕೆ ಹೇಗೆ? ಹಂಪಿಯ ಪುರಂದರದಾಸರು ಹಾಕಿಕೊಟ್ಟದ್ದೆಂದು ಸಂಪ್ರದಾಯ ಹೇಳುವ ಸರಳೆ ವರಸೆಯನ್ನು ಮಕ್ಕಳು ಮಾಯಾಮಾಳವಗೌಳದಲ್ಲಿ ಮೂರು ಕಾಲದಲ್ಲಿ ಹಾಡುತ್ತಾರೆ. ಪಿಯಾನೋ ವಿದ್ಯಾರ್ಥಿಯೂ ಹೀಗೇ ಆರೋಹಣ-ಅವರೋಹಣ ತೀಡುತ್ತಾನೆ. ಆದರೆ ಎರಡು ಕೈಗಳೂ ಸ್ವತಂತ್ರವಾಗುವಂತೆ ಅವನು ಪಳಗಬೇಕು. ವರ್ಷಗಟ್ಟಲೆ ಸಾಧನೆ ಬೇಡುವ ಕೆಲಸವದು.

ಈ ಹಾದಿ ಹಿಡಿದ ಕನ್ನಡನಾಡಿನ ಹೆಸರಾಂತ ಶಿಷ್ಯ ಜಯಚಾಮರಾಜ ಒಡೆಯರ್ (1919–1974). ಕಛೇರಿಯ ಪಿಯಾನೋ ವಾದಕರಾಗುವ ಆಸೆ ಅವರಿಗಿತ್ತು. 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡು ಇಪ್ಪತ್ತೊಂದನೇ ವಯಸ್ಸಿಗೇ ಮೈಸೂರಿನ ಪಟ್ಟವೇರಬೇಕಾಯಿತು. ವೇದಿಕೆ ಕೈತಪ್ಪಿದರೂ ಕಲಿಕೆ ವ್ಯರ್ಥವಾಗಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋಶಿಪ್ ನೀಡಿತು. ರಷ್ಯಾದ ಸಂಗೀತ ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಿನ ದಿನ ಕಳೆಯುತ್ತಿದ್ದಾಗ, ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಒಡೆಯರೇ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚರ್ಟೋವನ್ನು (ವಾದ್ಯವೃಂದದೊಡನೆ ನುಡಿಸುವ ದೊಡ್ಡ ಕೃತಿ) ಅವರಿಗೇ ಅರ್ಪಿಸಿದರು. ಅದೇ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನೂ ರಚಿಸಿದರು. ಒಂದೇ ಕಿವಿ ಎರಡು ಪದ್ಧತಿಗಳಿಗೂ ಒಲಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೇಳುವುದು ಹೇಗೆ? ಮೆಟ್ನರ್ ತಾವೇ ನುಡಿಸಿದ ಆ ಮುದ್ರಣಗಳು ಈಗಲೂ ಸಿಗುತ್ತವೆ. ಕನ್ಚರ್ಟೋದ ಗಾತ್ರಕ್ಕೆ ಮೊದಲೇ ಕೈಹಾಕದೆ, ಅವರ ಸಣ್ಣ ಕೃತಿಯೊಂದನ್ನು ಆರಿಸಿ ಮೂರು ಸಲ ಕೇಳಿ. ಮೊದಲ ಸಲ ಮೇಲಿನ ರಾಗದ ಎಳೆ ಹಿಡಿಯಿರಿ. ಸಾಮಾನ್ಯವಾಗಿ ಅದು ಬಲಗೈಯಲ್ಲಿರುತ್ತದೆ. ಎರಡನೇ ಸಲ ಅದನ್ನು ಬಿಟ್ಟು, ಕೆಳಸ್ಥಾಯಿಯಲ್ಲಿ ಎಡಗೈ ಏನು ಹೇಳುತ್ತಿದೆ ಗಮನಿಸಿ: ಒಪ್ಪುತ್ತಿದೆಯೇ, ಎದುರಾಡುತ್ತಿದೆಯೇ? ಮೂರನೇ ಸಲ, ಮೊದಲು ಬಂದ ಎಳೆ ಮತ್ತೆ ಬಂದಾಗ ಏನು ಬದಲಾಗಿದೆ ನೋಡಿ. ಪಲ್ಲವಿಯ ಸಂಗತಿಗಳನ್ನು ಗುರುತಿಸಬಲ್ಲ ರಸಿಕರಿಗೆ ಇದು ಕಷ್ಟವಲ್ಲ.

ವೇಗಕ್ಕೆ ಬೆರಗಾಗಿ ಅಲ್ಲಿಗೇ ನಿಲ್ಲಬೇಡಿ. ಎಳೆಯ ಕಲಾವಿದರ ಕಛೇರಿಗೆ ಹೋದಾಗ ವಿಳಂಬದ ಭಾಗದಲ್ಲಿ ಎಡಗೈ ಎಷ್ಟು ಪಳಗಿದೆ ಗಮನಿಸಿ. ಅವರ ಸಾಧನೆಯ ಅಳತೆ ಅಲ್ಲಿ ಸಿಗುತ್ತದೆ.