ಶಿಖರವಿಲ್ಲದ ಗುಡ್ಡಗಳು

ಮಳೆಗಾಲದ ಭಾನುವಾರಗಳಲ್ಲಿ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೋಗುವ ಬೈಕು, ಕಾರುಗಳ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಕುರಿಕೋಟಾ ಸೇತುವೆಯ ಮೇಲೆ ನಿಂತು ಬೆಣ್ಣೆತೊರಾ ಹಿನ್ನೀರು ನೋಡಿ, ಮಹಾಗಾಂವ ಕ್ರಾಸಿನಲ್ಲಿ ಚಹಾ ಕುಡಿದು, ಕಮಲಾಪುರದ ಸುತ್ತಲಿನ ಗುಡ್ಡಗಳಿಗೆ ನುಗ್ಗುವುದು ಈಗ ನಗರದ ಹುಡುಗರ ರೂಢಿ. ಇದು ಒಳ್ಳೆಯ ರೂಢಿ ಎಂದೇ ಮೊದಲು ಹೇಳುತ್ತೇನೆ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಎರೆ ಬಯಲಿನಲ್ಲಿ. ಊರೊಳಗೆ ಏರು ಎಂದರೆ ಚೋರ್ ಗುಂಬಜ್ ನಿಂತಿರುವ ದಿಬ್ಬ, ಅಷ್ಟೇ. ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲುಂಡ ಜನ ಮೊದಲ ಮಳೆ ಬಿದ್ದ ಕೂಡಲೇ ಗುಡ್ಡದ ಕಡೆ ಮುಖ ಮಾಡುವುದು ಸಹಜ. ನನ್ನ ತಕರಾರು ಬೇರೆ. ನಾವು ಈ ಗುಡ್ಡಗಳನ್ನು ನೋಡುತ್ತಿರುವುದು ಮಲೆನಾಡಿನ ಕಣ್ಣಿನಿಂದ.

ಮುಳ್ಳಯ್ಯನಗಿರಿ 1930 ಮೀಟರ್, ಕುಮಾರಪರ್ವತ 1712 ಮೀಟರ್. ಚಾರಣ ಎಂದರೆ ತುದಿ ಮುಟ್ಟುವುದು, ಮಂಜಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದು ಎಂಬ ಪಾಠ ಅಲ್ಲಿಂದ ಬಂದದ್ದು. ಅದೇ ಅಳತೆಗೋಲು ಹಿಡಿದು ಕಮಲಾಪುರಕ್ಕೆ ಬಂದವರು, 'ಏನೂ ಇಲ್ಲ ಇಲ್ಲಿ' ಎಂದು ಅರ್ಧ ತಾಸಿನಲ್ಲಿ ಕೆಳಗಿಳಿಯುತ್ತಾರೆ. ಇಲ್ಲವೇ ಡ್ರೋನ್ ಹಾರಿಸಿ, ಹಸಿರು ಬಣ್ಣ ಗಾಢ ಮಾಡಿ, 'ಕಲ್ಯಾಣ ಕರ್ನಾಟಕದ ಮಲೆನಾಡು' ಎಂದು ಹೆಸರಿಟ್ಟು ಹರಿಬಿಡುತ್ತಾರೆ. ಈ ಎರಡನೆಯದು ಹೊಗಳಿಕೆಯಂತೆ ಕಂಡರೂ ಗುಡ್ಡಕ್ಕೆ ಮಾಡುವ ಅನ್ಯಾಯವೇ. ಈ ಸೀಮೆಗೆ ಅದರದೇ ಮುಖವಿದೆ, ಬೇರೆಯವರ ಹೆಸರು ಕಟ್ಟಿಕೊಂಡು ಓಡಾಡುವ ದರ್ದು ಅದಕ್ಕಿಲ್ಲ.

ಕಮಲಾಪುರದ ಗುಡ್ಡಗಳಿಗೆ ತುದಿ ಎಂಬುದೇ ಇಲ್ಲ. ಹತ್ತಿ ನಿಂತರೆ ಸಿಗುವುದು ಚಪ್ಪಟೆ ಮಡ್ಡಿ. ಕಾರಣ ನೆಲದೊಳಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ ಇಲ್ಲಿನ ಕರಿಕಲ್ಲು. ನಮ್ಮ ತೊಗರಿ, ಜೋಳ ಬೆಳೆಯುವ ಎರೆಮಣ್ಣು ಅದೇ ಕಲ್ಲು ಸವೆದು ಆದದ್ದು. ಬೀದರ್ ಕಡೆಗೆ ಹೋದಂತೆ ಆ ಕರಿಕಲ್ಲಿನ ನೆತ್ತಿಯ ಮೇಲೆ ಇನ್ನೊಂದು ಹೊದಿಕೆ ಕಾಣುತ್ತದೆ. ಲಕ್ಷಾಂತರ ವರ್ಷಗಳ ಮಳೆ, ಶಾಖಕ್ಕೆ ಸಿಕ್ಕು ಉಳಿದೆಲ್ಲ ಸಾರ ತೊಳೆದುಹೋಗಿ, ಕಬ್ಬಿಣದ ಅಂಶ ಉಳಿದುಕೊಂಡು ಗಟ್ಟಿಯಾದ ಕೆಂಪು ಕಲ್ಲು ಅದು. ಕರಾವಳಿಯ ಮುರಕಲ್ಲಿನ ಬಳಗದ್ದು. ಬೀದರ್ ನಗರ ಕೂತಿರುವುದು ಈ ಕೆಂಪು ಪೀಠದ ಮೇಲೆ. ಕಮಲಾಪುರ, ಚಿಂಚೋಳಿ ಸೀಮೆಯಲ್ಲಿ ಆ ಪೀಠ ಹರಿದುಹೋದ ಅಂಚುಗಳಾಗಿ, ಕೊಳ್ಳಗಳಾಗಿ ಇಳಿಯುತ್ತದೆ. ಹಾಗಾಗಿ ಇಲ್ಲಿ ನೋಡಬೇಕಾದ್ದು ತುದಿಯನ್ನಲ್ಲ, ಅಂಚನ್ನು.

ಆ ಅಂಚಿನಲ್ಲಿ ಒಮ್ಮೆ ಕೂತು ನೋಡಿ. ಮೇಲಿನ ಕೆಂಪು ಕಲ್ಲು ತೂತುತೂತಾಗಿರುತ್ತದೆ, ತೂತಿನೊಳಗೆ ಹಳದಿ ಮಣ್ಣು ಮೆತ್ತಿರುತ್ತದೆ, ಬೆರಳಿಟ್ಟರೆ ಉದುರುತ್ತದೆ. ಒಂದಾಳು ಎತ್ತರ ಕೆಳಗಿಳಿದರೆ ಜಿಗುಟಾದ ಬಿಳಿಚು ಮಣ್ಣಿನ ಪಟ್ಟಿ. ಅದಕ್ಕೂ ಕೆಳಗೆ ಕರಿಕಲ್ಲು. ಮೇಲೆ ಬಿದ್ದ ಮಳೆ ಕೆಂಪು ಕಲ್ಲಿನೊಳಗೆ ಇಂಗಿ, ಈ ಜಿಗುಟು ಪಟ್ಟಿಗೆ ಬಂದು ತಡೆದು, ಅಡ್ಡಕ್ಕೆ ಹರಿದು ಗುಡ್ಡದ ಪಕ್ಕೆಯಲ್ಲಿ ಹೊರಬೀಳುತ್ತದೆ. ದೀಪಾವಳಿ ದಾಟಿದ ಮೇಲೂ ಅಲ್ಲಿ ಪಾಚಿ ಹಸಿಯಾಗಿರುವುದನ್ನು, ಸುತ್ತ ಆಡಿನ ಗೊರಸು ಮೂಡಿರುವುದನ್ನು ಕಾಣಬಹುದು. ಒಬ್ಬ ಕುರಿಗಾಹಿ ನನಗೆ ಹೇಳಿದ ಮಾತು: "ಮ್ಯಾಲ ಏನ್ ನೋಡ್ತೀರಿ ಸರ್, ನೀರ್ ಇಲ್ಲಿ ನಡಕ ಅದ." ಬೀದರ್‌ನ ನೌಬಾದಿನಲ್ಲಿ ಬಹಮನಿಗಳ ಕಾಲದ ಸುರಂಗ ಬಾವಿ ತೋಡಿದವರು ಹಿಡಿದದ್ದು ಇದೇ ನೀರಿನ ಗುಟ್ಟನ್ನು. ನರಸಿಂಹ ಝರಣಿಯಲ್ಲಿ ಎದೆಮಟ್ಟ ನೀರಲ್ಲಿ ನಡೆದು ದೇವರನ್ನು ಕಾಣುವುದೂ ಇದೇ ಕೆಂಪು ಕಲ್ಲಿನ ಒಡಲಲ್ಲಿ.

ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಯನ್ನು ಈ ಗುಡ್ಡಗಳಿಂದ ಬಿಡಿಸಿ ನೋಡಲಾಗದು. ಸುತ್ತ ಎರೆಭೂಮಿ ಹಬ್ಬಿರುವ ಜಿಲ್ಲೆಯಲ್ಲಿ ಕಮಲಾಪುರ, ರಾಜನಾಳದ ಕೊಳ್ಳಗಳಲ್ಲಿ ಮಾತ್ರ ಈ ಬಾಳೆ ಒಗ್ಗಿಕೊಂಡದ್ದು ಅಲ್ಲಿನ ಕೆಂಪು ಮಣ್ಣು ಮತ್ತು ತೇವದಿಂದ. ಗೊನೆ ಕೈಗೆ ಬರಲು ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಬೇಕು, ಅಷ್ಟೂ ದಿನ ಬೇರಿಗೆ ನೀರು ಸಿಗಬೇಕು. ಗುಡ್ಡ ಹತ್ತಿ ಬಂದವರು ಹೆದ್ದಾರಿ ಬದಿಯಲ್ಲಿ ಈ ಹಣ್ಣು ಕೊಂಡು ತಿನ್ನುತ್ತಾರೆ, ದರ ಹೆಚ್ಚಾಯಿತೆಂದು ಗೊಣಗುತ್ತಾರೆ. ತಾವು ಈಗಷ್ಟೇ ಇಳಿದು ಬಂದ ಗುಡ್ಡವೇ ಅದಕ್ಕೆ ನೀರು ಕೊಡುತ್ತಿದೆ ಎಂದು ಅವರಿಗೆ ಹೇಳುವವರಿಲ್ಲ. ಮರಗುತ್ತಿ ಬಳಿ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು 2017ರಲ್ಲಿ ಕಲಬುರಗಿ-ಬೀದರ್ ರೈಲು ಓಡಿಸಿದ್ದೇವೆ. 2018ರಲ್ಲಿ ಕಮಲಾಪುರ ತಾಲ್ಲೂಕು ಕೇಂದ್ರವೂ ಆಯಿತು. ಗುಡ್ಡವನ್ನು ಓದುವುದು ಹೇಗೆಂದು ತಿಳಿಸುವ ಒಂದು ಫಲಕವನ್ನು ಮಾತ್ರ ಈ ದಾರಿಯಲ್ಲಿ ನಾನು ಕಂಡಿಲ್ಲ.

ಹಳೆಯ ರೂಢಿಯನ್ನೂ ಪಕ್ಕಕ್ಕಿಟ್ಟು ತೂಗಬೇಕು. ನಮ್ಮ ಕಡೆಯವರು ಗುಡ್ಡ ಹತ್ತುವುದನ್ನು ಇನ್‌ಸ್ಟಾಗ್ರಾಮಿನಿಂದ ಕಲಿತವರಲ್ಲ. ಕಾಳಗಿ ತಾಲ್ಲೂಕಿನ ರೇವಗ್ಗಿ-ರಟಕಲ್‌ನ ರೇವಣಸಿದ್ಧೇಶ್ವರ ಗುಡ್ಡಕ್ಕೆ ಶ್ರಾವಣದಲ್ಲಿ ಹೋಗುವ ಭಕ್ತರನ್ನು ನೋಡಿ. ಬುತ್ತಿ ಕಟ್ಟಿಕೊಂಡು ಬರುತ್ತಾರೆ, ದಾರಿ ಬಿಟ್ಟು ಅತ್ತಿತ್ತ ಹೋಗುವುದಿಲ್ಲ, ಕತ್ತಲಾಗುವ ಮೊದಲು ಇಳಿಯುತ್ತಾರೆ. ಸೇಡಂ ತಾಲ್ಲೂಕಿನ ಯಾನಾಗುಂದಿಯ ಮಾಣಿಕ್ಯಗಿರಿಗೆ ತೆಲಂಗಾಣದಿಂದಲೂ ಜನ ಬರುತ್ತಾರೆ. ಈ ರೂಢಿಯಲ್ಲಿ ಕಾಲ, ದಾರಿ, ಊಟ ಎಲ್ಲಕ್ಕೂ ಕಟ್ಟಳೆಯಿತ್ತು. ಗುಡ್ಡ ತಾಳಿಕೊಂಡದ್ದು ಅದರಿಂದ. ಆದರೆ ಅದಕ್ಕೂ ಒಂದು ಕುರುಡಿದೆ. ಕಣ್ಣೆಲ್ಲ ಗುಡಿಯ ಮೇಲೆ, ಗುಡಿ ಹೊತ್ತ ಗುಡ್ಡದ ಮೇಲಲ್ಲ. ಅದಕ್ಕೇ ಗುಡಿಯ ಬಾಗಿಲತನಕ ಡಾಂಬರು ಬಂದಾಗ, ಅಂಗಳಕ್ಕೆ ಕಾಂಕ್ರೀಟು ಬಿದ್ದಾಗ ಯಾರೂ ತುಟಿ ಬಿಚ್ಚುವುದಿಲ್ಲ. ಹೊಸಬರಿಗೆ ಕಟ್ಟಳೆ ಇಲ್ಲ, ಹಳಬರಿಗೆ ಗುಡ್ಡ ಕಾಣುತ್ತಿಲ್ಲ. ಎರಡರಲ್ಲಿ ಆರಿಸು ಎಂದರೆ ನಾನು ಹಳಬರ ಪಕ್ಷ.

ಹೊಸಬರ ಕಟ್ಟಳೆಯಿಲ್ಲದ ನಡೆ ಏನು ಮಾಡುತ್ತದೆ ಎಂಬುದು ಮಾಗಿ ಕಳೆದ ಮೇಲೆ ಗೊತ್ತಾಗುತ್ತದೆ. ಫೆಬ್ರವರಿಯಲ್ಲಿ ಮುತ್ತುಗ ಹೂಬಿಡುವ ಹೊತ್ತಿಗೆ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ಅಡುಗೆ ಮಾಡಿ ಆರಿಸದೆ ಬಿಟ್ಟ ಮೂರು ಕಲ್ಲಿನ ಒಲೆ, ಎಸೆದ ಒಂದು ಬೀಡಿ ಸಾಕು, ಇಡೀ ಮಡ್ಡಿ ಕಪ್ಪಾಗುತ್ತದೆ. ತಾಂಡಾದವರ ದನ, ಕುರುಬರ ಕುರಿ ಬೇಸಿಗೆ ಕಳೆಯಬೇಕಾದದ್ದು ಆ ಹುಲ್ಲಿನಲ್ಲಿ. ಗುಡ್ಡದ ಸೀತಾಫಲ ಆಯ್ದು ಬುಟ್ಟಿ ತುಂಬಿ ರಸ್ತೆ ಬದಿ ಮಾರುವ ಹೆಣ್ಣುಮಕ್ಕಳ ಗಳಿಕೆ ಇರುವುದು ಆ ಗಿಡಗಳಲ್ಲಿ. ಒಡೆದ ಬಾಟಲಿ ಚೂರು ಬರಿಗಾಲ ಕುರಿಗಾಹಿಯ ಅಂಗಾಲಿಗೆ ಹೊಕ್ಕರೆ ಅವನಿಗೆ ಆಸ್ಪತ್ರೆ ದೂರ. ಇನ್ನು ಮೊರಂ. ರಸ್ತೆಗೆ, ಲೇಔಟಿಗೆ ಎಂದು ಗುಡ್ಡದ ಪಕ್ಕೆ ಬಗೆದು ಟಿಪ್ಪರ್ ತುಂಬಿದಲ್ಲಿ ಆ ನೀರಿನ ಪಟ್ಟಿಯೇ ಕಡಿದುಹೋಗುತ್ತದೆ. ಹತ್ತಿ ಫೋಟೊ ತೆಗೆದವರಲ್ಲಿ ಒಬ್ಬರಾದರೂ ಆ ಗಾಯದ ಫೋಟೊ ತೆಗೆದು ತಹಸೀಲ್ದಾರರಿಗೆ ಕೊಟ್ಟಿದ್ದರೆ ಈ ಹವ್ಯಾಸಕ್ಕೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ.

ಪಕ್ಕದ ಚಿಂಚೋಳಿಯಲ್ಲಿ ಕಾನೂನಿನ ಬೇಲಿಯಾದರೂ ಇದೆ. 2011ರಲ್ಲಿ ಘೋಷಣೆಯಾದ 134.88 ಚದರ ಕಿಲೋಮೀಟರ್ ಅಭಯಾರಣ್ಯ ಅದು. ಚಂದ್ರಂಪಳ್ಳಿ ಕೆರೆ, ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟ ಎಲ್ಲ ಆ ಸೀಮೆಯವೇ. ಕತ್ತೆಕಿರುಬ, ತೋಳ ಇನ್ನೂ ಉಳಿದಿರುವ ಒಣ ಕಾಡು. ಕಮಲಾಪುರದ ಗುಡ್ಡಗಳಿಗೆ ಅಷ್ಟು ರಕ್ಷಣೆ ಇಲ್ಲ. ಅಲ್ಲಿ ಬೇಲಿಯಾಗಬೇಕಾದವರು ಹೋಗಿ ಬರುವ ಜನರೇ.

ದೂರದಿಂದ ನೋಡುವುದೂ ಗುಡ್ಡವನ್ನು ಅರಿಯುವ ಒಂದು ಬಗೆ ಎಂಬುದನ್ನು ಶಹಾಪುರದವರು ಬಲ್ಲರು. ಅಲ್ಲಿನ ಬುದ್ಧ ಮಲಗಿದ ಬೆಟ್ಟದ ಮೇಲೆ ಹತ್ತಿ ನಿಂತವನಿಗೆ ಬುದ್ಧ ಕಾಣುವುದಿಲ್ಲ.

ಕಲಬುರಗಿಯ ಗೆಳೆಯರೇ, ಕಮಲಾಪುರಕ್ಕೆ ಖಂಡಿತ ಹೋಗಿ. ಮಳೆ ನಿಂತ ಮೇಲೆ, ಸೀತಾಫಲ ಕಣ್ಣು ಬಿಡುವ ಹೊತ್ತಿಗೆ ಹೋಗಿ. ಹುಲ್ಲು ಒಣಗುವ ಮೊದಲು ಮುಗಿಸಿ. ಗಾಡಿ ಊರಲ್ಲೇ ಬಿಡಿ. ದಾರಿ ಬಲ್ಲ ಕುರಿಗಾಹಿಯನ್ನೋ ತಾಂಡಾದ ಹಿರಿಯರನ್ನೋ ಜೊತೆಗೆ ಕರೆದುಕೊಂಡು, ಅವರ ಒಂದು ದಿನದ ಕೂಲಿಯನ್ನು ಕೈಗಿಟ್ಟು, ಗುಡ್ಡದ ನೆತ್ತಿಗೆ ಓಡದೆ ಪಕ್ಕೆಗುಂಟ ಸುತ್ತಿ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಒಲೆ ಹೂಡಬೇಡಿ. ಪಕ್ಕೆ ಬಗೆದ ಜಾಗ ಕಂಡರೆ ಅದರ ಫೋಟೊ ತೆಗೆದು, ಸರ್ವೆ ನಂಬರ್ ಕೇಳಿಕೊಂಡು, ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಕೊಟ್ಟು ಬನ್ನಿ.