ಶೇಕಡಾ 56ರ ತಪ್ಪು ಲೆಕ್ಕ

ಶಿಶುಗಳಲ್ಲಿ ತೀವ್ರ ವಾಂತಿಭೇದಿ ಉಂಟುಮಾಡುವ ರೋಟಾವೈರಸ್‌ನ ವಿರುದ್ಧ ಲಸಿಕೆಯು ರಾಷ್ಟ್ರೀಯ ಕಾರ್ಯಕ್ರಮದಲ್ಲಿ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ, 2019ರಲ್ಲಿ ಕರ್ನಾಟಕಕ್ಕೂ ಬಂತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಮಕ್ಕಳಿಗೂ 6, 10 ಮತ್ತು 14ನೇ ವಾರಗಳಲ್ಲಿ ಇದನ್ನು ಬಾಯಿಯ ಮೂಲಕ ಉಚಿತವಾಗಿ ಕೊಡಲಾಗುತ್ತದೆ. ಆದರೆ ಲಸಿಕೆಯ ಜೊತೆಗೆ ಬಂದ ಅಂಕಿಯೊಂದನ್ನು ಜನರಿಗೆ ವಿವರಿಸುವ ರೀತಿ ಟೀಕೆಗೆ ಅರ್ಹವಾಗಿದೆ.

ಭಾರತದಲ್ಲೇ ತಯಾರಾದ ರೋಟಾವ್ಯಾಕ್ ಲಸಿಕೆಯನ್ನು ದೆಹಲಿ, ಪುಣೆ ಮತ್ತು ವೆಲ್ಲೂರುಗಳಲ್ಲಿ 6,799 ಶಿಶುಗಳನ್ನು ಒಳಗೊಂಡ ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ವರ್ಷದಲ್ಲಿ ತೀವ್ರ ರೋಟಾವೈರಸ್ ಭೇದಿಯ ವಿರುದ್ಧ ಅದರ ಸಾಮರ್ಥ್ಯ ಸುಮಾರು ಶೇ. 56. "ಹಾಗಾದರೆ ಲಸಿಕೆ ಪಡೆದ ನೂರರಲ್ಲಿ 44 ಮಕ್ಕಳಿಗೆ ರೋಗ ಬರುತ್ತದೆ" ಎಂದು ವಿದ್ಯಾವಂತರೂ ಅರ್ಥೈಸುವುದುಂಟು. ಇದು ತಪ್ಪು.

ಪರೀಕ್ಷೆಯ ಇಡೀ ಅವಧಿಯನ್ನು ತೆಗೆದುಕೊಳ್ಳೋಣ. ಲಸಿಕೆ ಪಡೆಯದ ಗುಂಪಿನಲ್ಲಿ 100 ಶಿಶುಗಳಿಗೆ ವರ್ಷಕ್ಕೆ 3.2 ತೀವ್ರ ಪ್ರಕರಣಗಳು. ಪಡೆದ ಗುಂಪಿನಲ್ಲಿ 1.5. ವ್ಯತ್ಯಾಸ 1.7. ಇದನ್ನು 3.2ರಿಂದ ಭಾಗಿಸಿದರೆ ಸುಮಾರು 0.53, ಅಂದರೆ ಶೇ. 53. ಶೇಕಡಾವಾರು ಸೂಚಿಸುವುದು ಅಪಾಯದಲ್ಲಾದ ಇಳಿಕೆಯನ್ನೇ ಹೊರತು ರೋಗಿಗಳ ಸಂಖ್ಯೆಯನ್ನಲ್ಲ. ಲಸಿಕೆ ಪಡೆದವರಲ್ಲಿ ಕಂಡದ್ದು 44 ಅಲ್ಲ, ಒಂದೂವರೆ.

"ವಿದೇಶಿ ಲಸಿಕೆಯಾದರೆ ಶೇ. 90" ಎಂಬ ಮಾತೂ ಅರ್ಧಸತ್ಯ. ಯೂರೋಪಿನಲ್ಲಿ ಶೇ. 90ಕ್ಕೂ ಮೀರಿದ ಫಲ ಕೊಟ್ಟ ಲಸಿಕೆಯೇ ಆಫ್ರಿಕದ ಮಲಾವಿಯಲ್ಲಿ ಸುಮಾರು ಶೇ. 49 ಮಾತ್ರ ಕೊಟ್ಟಿತೆಂದು 2010ರಲ್ಲಿ ವರದಿಯಾಯಿತು. ಆದ್ದರಿಂದ ಬೇರೆ ಬೇರೆ ದೇಶಗಳಲ್ಲಿ ಪಡೆದ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಲಸಿಕೆಗಳ ಗುಣ ಅಳೆಯುವುದು ಸರಿಯಲ್ಲ.

ಇದಕ್ಕೆ ವಿರುದ್ಧವಾದ ಉತ್ಪ್ರೇಕ್ಷೆಯೂ ಅಷ್ಟೇ ಹಾನಿಕರ. "ಹನಿ ಹಾಕಿಸಿದರೆ ಭೇದಿಯೇ ಬಾರದು" ಎಂದು ತಾಯಂದಿರಿಗೆ ಹೇಳಿದರೆ, ಬೇರೆ ರೋಗಾಣುಗಳಿಂದ ಭೇದಿಯಾದ ದಿನ ಅವರ ನಂಬಿಕೆ ಕುಸಿಯುತ್ತದೆ. ಲಸಿಕೆ ಹಾಕಿಸಿದ ಮೇಲೂ ಶುದ್ಧ ನೀರು, ಎದೆಹಾಲು, ಭೇದಿಯಾದಾಗ ಓಆರ್‌ಎಸ್ ಮತ್ತು ಸತುವಿನ ಮಾತ್ರೆ ಬೇಕೇ ಬೇಕು.

ಇನ್ನೊಂದು ಅಂಶ. ಲಸಿಕೆಯ ಲಾಭವು ಸಾಮರ್ಥ್ಯ ಮತ್ತು ಮೂಲ ಅಪಾಯಗಳ ಗುಣಲಬ್ಧ. ಆಸ್ಪತ್ರೆ ಹತ್ತಿರವಿರುವ ಪಟ್ಟಣದ ಮಗುವಿಗಿಂತ, ಕೋಟೆಯ ಕಾಡಂಚಿನ ಹಾಡಿಯ ಮಗುವಿಗೆ ನಿರ್ಜಲೀಕರಣ ಹೆಚ್ಚು ಅಪಾಯಕಾರಿ. ಅಂಥ ಕಡೆ ಶೇ. 53ರ ಇಳಿಕೆ ಅಲ್ಪವಲ್ಲ.

ಶಿಕ್ಷಕರು ಶೇಕಡಾವಾರು ಪಾಠದಲ್ಲಿ 3.2 ಮತ್ತು 1.5 ಎಂಬ ಎರಡು ಅಂಕಿಗಳನ್ನು ಕೊಟ್ಟು ಮಕ್ಕಳಿಂದಲೇ ಈ ಲೆಕ್ಕ ಮಾಡಿಸಬಹುದು. ಮನೆಯಲ್ಲಿ ಪುಟ್ಟ ತಂಗಿಯೋ ತಮ್ಮನೋ ಇದ್ದರೆ, ತಾಯಿ ಕಾರ್ಡಿನಲ್ಲಿ ಮೂರೂ ಸಲದ ಗುರುತು ಬಿದ್ದಿದೆಯೇ ಎಂದು ನೋಡಿಬರಲು ಹೇಳಬಹುದು.